ಕೇಳದೆ ಹೇಳಿದ ಮಾತು

ಆ ವರ್ಷ ಕ್ರಿಸ್ತ ಜಯಂತಿಗೆ ಲಬೀಬರ ಮನೆಯಲ್ಲಿ ಕಹ್ಕ್ ಸುಡಲಿಲ್ಲ. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬದ ಬಿಸ್ಕತ್ತು ಸುಡುವ ಪದ್ಧತಿಯಿಲ್ಲ; ಬೇರೆಯವರು ತಂದುಕೊಟ್ಟದ್ದನ್ನು ತಿನ್ನಬೇಕು. ಲಬೀಬರ ಹೆಂಡತಿ ನಬೀಲಾ ಆಗಸ್ಟ್ ತಿಂಗಳಲ್ಲಿ, ಮಾತೆ ಮರಿಯಳ ಉಪವಾಸ ನಡೆಯುತ್ತಿದ್ದಾಗ, ಕರ್ತನ ಬಳಿಗೆ ಹೋಗಿದ್ದಳು. ಮಿಸಿಸಾಗಾದಲ್ಲಿದ್ದ, ಈಜಿಪ್ಟಿನ ಕ್ರೈಸ್ತರ ಕಾಪ್ಟಿಕ್ ಚರ್ಚಿನ ಹೆಂಗಸರು ಒಬ್ಬರಾದ ಮೇಲೊಬ್ಬರು ತಟ್ಟೆ ಹಿಡಿದು ಬಂದರು. ಊಟದ ಮೇಜಿನ ಮೇಲೆ ಎಷ್ಟೋ ಮನೆಗಳ ಕಹ್ಕ್ ಸೇರಿತು. ತಿನ್ನುವ ಬಾಯಿ ನಾಲ್ಕೇ.

"ನಾಲ್ಕೂವರೆ," ಎಂದಳು ಮಗಳು ಮಿರೇತ್, ಅತ್ತಿಗೆಯ ಹೊಟ್ಟೆಯ ಕಡೆ ನೋಡಿ.

ಅತ್ತಿಗೆ ಯುಸ್ತೀನಾ ನಕ್ಕಳು. ಅವಳಿಗೆ ಏಳು ತಿಂಗಳು ನಡೆಯುತ್ತಿತ್ತು. ಲಬೀಬರ ಮಗ ಫಾದಿಯನ್ನು ಮದುವೆಯಾಗಲು ಅವಳು ಈಜಿಪ್ಟಿನ ಮಲ್ಲವಿಯಿಂದ ಪ್ರವಾಸಿ ವೀಸಾದ ಮೇಲೆ ಬಂದಿದ್ದಳು. ಅಲ್ಲಿ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವಳು. ಇಲ್ಲಿ ಕೆಲಸಕ್ಕೆ ಹೋಗುವ ಪರವಾನಗಿ ಬರುವಷ್ಟರಲ್ಲಿ ಬಸುರಿ.

ಹಬ್ಬದ ವಾರ ಕಳೆದ ಮೇಲೆ ಒಂದು ಸಂಜೆ ಫಾದಿ ಕೆಲಸದಿಂದ ಬಂದು ಕೈಯನ್ನೂ ತೊಳೆಯದೆ ಕುರ್ಚಿಯಲ್ಲಿ ಕುಳಿತ. ಮನೆಮನೆಗೆ ಹೋಗಿ ಕೆಟ್ಟುನಿಂತ ಬಿಸಿಗಾಳಿ ಯಂತ್ರಗಳನ್ನು ರಿಪೇರಿ ಮಾಡುವುದು ಅವನ ಕೆಲಸ. ಚಳಿ ಹೆಚ್ಚಿದಷ್ಟೂ ದುಡಿಮೆ.

"ತನ್ನೂಸನ ಹೆಂಡತಿಗೆ ಪತ್ರ ಬಂತಂತೆ," ಎಂದ.

"ಯಾವ ತನ್ನೂಸ್?" ಎಂದರು ಲಬೀಬರು, ಮುಲುಖಿಯಾ ಸೊಪ್ಪಿನ ಸಾರನ್ನು ಬಟ್ಟಲಿಗೆ ಬಡಿಸುತ್ತ. ನಬೀಲಾ ಹೋದ ಮೇಲೆ ಅಡುಗೆ ಅವರದೇ.

"ನನ್ನ ಜೊತೆಯವನು, ಲೆಬನಾನಿನವನು. ಅವನು ಹೆಂಡತಿಯನ್ನ ಇಲ್ಲೇ ಇರಿಸಿಕೊಳ್ಳೋಕೆ ಸ್ಪಾನ್ಸರ್ ಅರ್ಜಿ ಹಾಕಿದ್ದು ಮಾರ್ಚ್‌ನಲ್ಲಿ. ಮೊದಲ ಹಂತ ದಾಟಿದೆ ಅಂತ ಪತ್ರ ಬಂದಿದೆ. ಇನ್ನು ಅವಳಿಗೆ ಆರೋಗ್ಯ ಕಾರ್ಡು ಸಿಗುತ್ತೆ, ಆಸ್ಪತ್ರೆ ಖರ್ಚು ಸರ್ಕಾರದ್ದು."

ಲಬೀಬರು ಬಟ್ಟಲನ್ನು ಅವನ ಮುಂದಿಟ್ಟರು.

"ನಾವು ಹಾಕಿದ್ದು ಜುಲೈನಲ್ಲಿ," ಎಂದ ಫಾದಿ, ಎಲ್ಲರಿಗೂ ಗೊತ್ತಿದ್ದುದನ್ನು.

ಆ ಪತ್ರವೊಂದು ಬರುವವರೆಗೆ ಯುಸ್ತೀನಾ ಈ ಪ್ರಾಂತ್ಯದ ಸರ್ಕಾರದ ಲೆಕ್ಕಕ್ಕೆ ಇಲ್ಲದವಳು. ಗಂಡನಿಗೆ ಕಾರ್ಡಿತ್ತು, ಮಾವನಿಗೆ ಇತ್ತು, ನಾದಿನಿಗೆ ಇತ್ತು. ಹುಟ್ಟುವ ಮಗುವಿಗೂ ಹುಟ್ಟಿದ ಗಳಿಗೆಯಿಂದ ಇರುತ್ತದೆಂದು ಸರ್ಕಾರಿ ಕಚೇರಿಯ ಫೋನಿನಲ್ಲಿ ಹೇಳಿದ್ದರು. ಹೆರುವವಳಿಗೆ ಮಾತ್ರ ಇಲ್ಲ.

"ಹೊಟ್ಟೆಯೊಳಗಿರೋರಿಗೆ ಕಾರ್ಡಿದೆ, ಹೊಟ್ಟೆಗಿಲ್ಲ," ಎಂದು ಮಿರೇತ್ ಆಗ ನಕ್ಕಿದ್ದಳು. ಆಸ್ಪತ್ರೆಯ ದರ ವಿಚಾರಿಸಿದ ಮೇಲೆ ನಗು ನಿಂತಿತು. ಒಂದು ಹಗಲು ಒಂದು ರಾತ್ರಿಯ ಹಾಸಿಗೆಗೆ ಫಾದಿಯ ಒಂದು ತಿಂಗಳ ಸಂಬಳ. ಕೊಯ್ದು ತೆಗೆಯಬೇಕಾದರೆ ಅದರ ಮೇಲೆ ವೈದ್ಯರದು ಬೇರೆ.

"ನಾವೂ ಮಾರ್ಚ್‌ನಲ್ಲೇ ಹಾಕಬಹುದಿತ್ತು," ಎಂದ ಫಾದಿ.

ಲಬೀಬರು ಸಟ್ಟುಗ ಕೆಳಗಿಟ್ಟರು. "ದೊಡ್ಡ ಉಪವಾಸದಲ್ಲಿ ಮದುವೆ ಉಂಟೇನಪ್ಪ?"

"ಚರ್ಚಿನ ಮದುವೆ ಈಸ್ಟರ್ ಆದ ಮೇಲೆ ಮಾಡ್ಕೊಳ್ತೀವಿ, ಈಗ ನಗರಸಭೆಗೆ ಹೋಗಿ ಒಂದು ಸಹಿ ಹಾಕಿ ಬರ್ತೀವಿ ಅಂದಿದ್ದೆ."

"ಕಿರೀಟ ಇಡದೆ, ಪ್ರಾರ್ಥನೆ ಇಲ್ಲದೆ, ಗುಮಾಸ್ತನ ಮುಂದೆ ಸಹಿ ಹಾಕಿ ನನ್ನ ಮನೆಗೆ ಸೊಸೆ ಕರಕೊಂಡು ಬರ್ತೀಯಾ ಅಂದೆ. ಈಗ್ಲೂ ಅದನ್ನೇ ಅಂತೀನಿ."

"ನಿಮ್ಮ ಮಾತು ನಡೀತು. ಸುಖವಾಗಿರಿ." ಫಾದಿ ಎದ್ದು ಕೈ ತೊಳೆಯಲು ಹೋದವನು ಊಟಕ್ಕೆ ಮರಳಿ ಬರಲಿಲ್ಲ.

ಲಬೀಬರು ಚರ್ಚಿನಲ್ಲಿ ಚಿಕ್ಕಂದಿನಿಂದ ಶಮ್ಮಾಸರು. ಪೂಜೆಯಲ್ಲಿ ಪಾದ್ರಿಯ ಪಕ್ಕ ನಿಂತು ಹಾಡುವವರು. ಯಾವ ವಾರ ಯಾವ ರಾಗ, ಯಾವ ದಿನ ಮೀನು ಸಲ್ಲುತ್ತದೆ, ಯಾವ ದಿನ ಸಲ್ಲದು ಎಂದು ಜನ ಪಾದ್ರಿಗಿಂತ ಮೊದಲು ಅವರನ್ನೇ ಕೇಳುತ್ತಿದ್ದರು. ಈಸ್ಟರಿಗೆ ಮುಂಚಿನ ಐವತ್ತೈದು ದಿನದ ದೊಡ್ಡ ಉಪವಾಸದಲ್ಲಿ ಮದುವೆಯ ಕಿರೀಟವಿಡುವುದಿಲ್ಲ ಎಂಬುದು ಅವರಿಗೆ ತಮ್ಮ ಹೆಸರಿನಷ್ಟೇ ಖಚಿತ. ಮದುವೆ ಈಸ್ಟರ್ ಕಳೆದ ಮೇಲೆ ಆಯಿತು. ನಬೀಲಾ ಗಾಲಿಕುರ್ಚಿಯಲ್ಲಿ ಕುಳಿತು ನೋಡಿದಳು. ಆಮೇಲೆ ಅವಳ ಕಾಯಿಲೆ ಬಲಿತು, ಅರ್ಜಿಯ ಕಾಗದಗಳನ್ನು ಸೇರಿಸುವಷ್ಟರಲ್ಲಿ ಜುಲೈ ಬಂತು.

*

ಕಾರ್ಡಿಲ್ಲದವರನ್ನೂ ನೋಡುವ ಒಂದು ಸಣ್ಣ ಚಿಕಿತ್ಸಾಲಯ ಊರಿನಲ್ಲಿತ್ತು. ಅಲ್ಲಿ ಯುಸ್ತೀನಾಳ ತೂಕ, ರಕ್ತದೊತ್ತಡ ನೋಡುತ್ತಿದ್ದರು. ಹೆರಿಗೆ ಮಾತ್ರ ಆಸ್ಪತ್ರೆಯಲ್ಲೇ ಆಗಬೇಕು. ರಕ್ತ ಕಡಿಮೆಯಿದೆ, ಮಾಂಸ ತಿನ್ನಬೇಕು, ಒತ್ತಡವೂ ಸ್ವಲ್ಪ ಏರುತ್ತಿದೆ, ತಲೆನೋವು ಬಂದು ಕಣ್ಣಮುಂದೆ ಕಿಡಿ ಹಾರಿದಂತಾದರೆ ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು ಎಂದು ದಾದಿ ಹೇಳಿ ಕಳಿಸಿದಳು.

ಮಲ್ಲವಿಯಿಂದ ಅವಳ ತಾಯಿ ಫೋನಿನಲ್ಲಿ, "ಇಲ್ಲಿಗೆ ಬಂದುಬಿಡು ಮಗಳೇ, ಇಲ್ಲಿ ಸೂಲಗಿತ್ತಿಯೂ ಇದ್ದಾಳೆ, ನಾನೂ ಇದ್ದೀನಿ," ಎನ್ನುತ್ತಿದ್ದಳು.

"ಬಂದ್ರೆ ಮತ್ತೆ ಒಳಗೆ ಬಿಡ್ತಾರೋ ಇಲ್ವೋ ಗೊತ್ತಿಲ್ಲಮ್ಮ. ಅರ್ಜಿ ಅಲ್ಲಿಗೇ ಮುಗೀತು ಅಂತಾರೆ."

"ಇದೆಂಥ ದೇಶ. ಹೋಗೋ ಹಾಗಿಲ್ಲ, ಇದ್ದರೆ ನೋಡೋ ಹಾಗಿಲ್ಲ."

"ನೋಡ್ತಾರಮ್ಮ. ಆಮೇಲೆ ಬಿಲ್ ಕಳಿಸ್ತಾರೆ."

ಜನವರಿಯ ಕೊನೆಗೆ ಪಾದ್ರಿ ಅಬೂನಾ ಬಿಸೆಂತಿ ಮನೆಗೆ ಬಂದರು. ಸತ್ತವರ ಮನೆಯನ್ನು ಅವರು ಮರೆಯುವವರಲ್ಲ. ಧೂಪ ಹಾಕಿ, ನಬೀಲಾಳ ಹೆಸರು ಹಿಡಿದು ಪ್ರಾರ್ಥಿಸಿ, ಚಹಾಕ್ಕೆ ಕುಳಿತರು. ಮಿರೇತ್ ಕಾರ್ಡಿನ ಕಥೆಯನ್ನೆಲ್ಲ ಹೇಳಿದಳು. ಅಬೂನಾ ಗಡ್ಡ ನೀವಿಕೊಳ್ಳುತ್ತ ಕೇಳಿದರು.

"ಲಬೀಬ್, ಆಗ ನೀನು ಒಂದು ಮಾತು ನನ್ನ ಕಿವಿಗೆ ಹಾಕಬಾರದಾಗಿತ್ತಾ?" ಎಂದರು ಮೆಲ್ಲಗೆ.

"ಏನಂತ ಅಬೂನಾ? ಉಪವಾಸದಲ್ಲಿ ಮದುವೆ ಇಲ್ಲ ಅಂತ ನಿಮ್ಮ ಬಾಯಲ್ಲಿ ಹೇಳಿಸಬೇಕಿತ್ತಾ?"

"ಇಲ್ಲ, ಸರಿ. ಆದರೆ ಬಿಷಪ್ಪರಿಗೆ ಬರೆದು ಕೇಳಬಹುದಿತ್ತು. ವೀಸಾ, ಕಾಗದಪತ್ರ ಅಂತ ಕಷ್ಟ ಇದ್ದಾಗ ಅವರು ಒಂದೆರಡು ಜೋಡಿಗೆ ಅಪ್ಪಣೆ ಕೊಟ್ಟಿದ್ದಾರೆ. ಸದ್ದುಗದ್ದಲ ಇಲ್ಲದೆ, ನಾಲ್ಕು ಜನರ ಮುಂದೆ ಕಿರೀಟ ಇಡೋದು; ಈಸ್ಟರ್ ಆಗೋವರೆಗೆ ಹುಡುಗ ಹುಡುಗಿ ಬೇರೆ ಬೇರೆ ಇರೋದು. ನಿಮಗೂ ಕೊಡ್ತಿದ್ರು ಅಂತ ಹೇಳಲಾರೆ. ಕೇಳೋದಕ್ಕಂತೂ ಅಡ್ಡಿ ಇರಲಿಲ್ಲ."

ಲಬೀಬರ ಕೈಯಲ್ಲಿ ಚಹಾದ ಲೋಟ ಹಾಗೇ ಇತ್ತು. ಬಾಗಿಲ ಬಳಿ ಬೂಟು ಬಿಚ್ಚುತ್ತಿದ್ದ ಫಾದಿ ಇದನ್ನು ಕೇಳಿದ. ಅಬೂನಾ ಇರುವವರೆಗೆ ಸುಮ್ಮನಿದ್ದು, ಅವರ ಕಾರು ತಿರುವಿನಲ್ಲಿ ಮರೆಯಾದ ಮೇಲೆ ಒಳಗೆ ಬಂದ.

"ನೀವು ಕೇಳ್ಲೇ ಇಲ್ಲ," ಎಂದ.

"ಗೊತ್ತಿದ್ದುದನ್ನ ಏನು ಕೇಳೋದು ಅಂದ್ಕೊಂಡೆ."

"ನಾನು ಕೇಳಿಕೊಂಡು ಬನ್ನಿ ಬಾಬಾ ಅಂದೆ. ಅಮ್ಮಾನೂ ಹಾಸಿಗೆ ಮೇಲಿಂದ ಅದನ್ನೇ ಅಂದ್ಲು. ಶಮ್ಮಾಸರಿಗೆ ಪಾದ್ರಿಯನ್ನ ಕೇಳೋದು ಅವಮಾನ."

"ಅಮ್ಮನ್ನ ಯಾಕೆ ಎಳೀತೀಯ ಫಾದಿ," ಎಂದಳು ಮಿರೇತ್.

"ಅವಳನ್ನ ಬಿಟ್ರೆ ಈ ಮನೇಲಿ ಇವರಿಗೆ ಎದುರು ಹೇಳೋರು ಯಾರಿದ್ರು?"

ಲಬೀಬರು ಲೋಟ ತೊಳೆಯಲು ಎದ್ದರು. ಆವತ್ತಿನಿಂದ ಫಾದಿ ತಂದೆಯ ಜೊತೆ ಬೇಕಾದಷ್ಟೇ ಆಡಿದ. ಕಸದ ಡಬ್ಬಿ ಹೊರಗಿಟ್ಟಿದೆಯಾ, ಕಾರಿನ ಚಾವಿ ಎಲ್ಲಿ. ಮೆಟ್ಟಿಲಿನ ಹಿಮವನ್ನು ತಂದೆ ಗೋರುವ ಮೊದಲೇ ತಾನು ಗೋರಿ ಮುಗಿಸುತ್ತಿದ್ದ. ಅದೂ ಜಗಳದಂತೆಯೇ ಕಾಣುತ್ತಿತ್ತು.

*

ಫೆಬ್ರವರಿಯಲ್ಲಿ ಮತ್ತೆ ದೊಡ್ಡ ಉಪವಾಸ ಬಂತು. ಮನೆಯಲ್ಲಿ ಮಾಂಸ, ಹಾಲು, ಮೊಟ್ಟೆ ನಿಂತವು. ಬೇಳೆಯ ಗಂಜಿ, ಎಣ್ಣೆ ಹಾಕಿ ಕಿವುಚಿದ ಫೂಲ್ ಅವರೆ, ಎಳ್ಳಿನ ತಹಿನಾ ಇವೇ ಸರದಿಯಲ್ಲಿ ಮೇಜಿಗೆ ಬಂದವು. ಬಸುರಿಗೆ ಉಪವಾಸವಿಲ್ಲವೆಂದು ಅಬೂನಾ ಹೇಳಿದ್ದರೂ ಯುಸ್ತೀನಾ ಮೊದಲ ಎರಡು ದಿನ ಎಲ್ಲರ ಜೊತೆ ಅವರೆಯನ್ನೇ ತಿಂದಳು. ಮೂರನೆಯ ದಿನ ಲಬೀಬರು ಅರಬ್ಬರ ಅಂಗಡಿಗೆ ಹೋಗಿ ಕರುವಿನ ಪಿತ್ತಜನಕಾಂಗ ತಂದರು.

ಬೆಳ್ಳುಳ್ಳಿ, ಜೀರಿಗೆ, ಹಸಿಮೆಣಸು ಹಾಕಿ ಅವರು ಹುರಿಯಲು ನಿಂತಾಗ ಮಿರೇತ್ ಔಷಧದ ಅಂಗಡಿಯ ಕೆಲಸ ಮುಗಿಸಿ ಬಂದಳು. ಬಾಗಿಲಲ್ಲೇ ಮೂಗು ಹಿಡಿದುಕೊಂಡಳು.

"ಬಾಬಾ, ಉಪವಾಸದಲ್ಲಿ ಈ ಮನೆಯಿಂದ ಈ ವಾಸನೆ. ಪಕ್ಕದ ಮನೆ ಸಾಮಿಯಾ ಆಂಟಿ ಚರ್ಚಿಗೆಲ್ಲ ಸಾರಿ ಬರ್ತಾಳೆ."

"ಸಾರಲಿ. ಅವಳಿಗೂ ಒಂದು ಕೆಲಸ ಬೇಕಲ್ಲ."

"ಉಪ್ಪು ಸರಿಯಾಗಿದೆಯಾ ನೋಡಿದ್ರಾ?"

"ನಾಲಿಗೆ ಮೇಲಿಟ್ಟು ನೋಡೋ ಹಾಗಿಲ್ವಲ್ಲ. ಮೂಗಲ್ಲಿ ನೋಡಿದೀನಿ."

"ಉಪ್ಪಿಗೆ ವಾಸನೆ ಇರುತ್ತಾ ಬಾಬಾ?"

ಅದು ಬಾಯಿಗಿಡಲಾಗದಷ್ಟು ಉಪ್ಪಾಗಿತ್ತು. ಯುಸ್ತೀನಾ ರೊಟ್ಟಿಯಲ್ಲಿ ಸುತ್ತಿ ಪೂರ್ತಿ ತಿಂದಳು. ಆಮೇಲೆ ಮೂರು ಲೋಟ ನೀರು ಕುಡಿದಳು.

ಪತ್ರ ಬರಲಿಲ್ಲ. ಫಾದಿ ಕೆಲಸದ ನಡುವೆಯೂ ಫೋನು ತೆರೆದು ಅರ್ಜಿ ಎಲ್ಲಿದೆಯೆಂದು ನೋಡುತ್ತಿದ್ದ. 'ಪರಿಶೀಲನೆಯಲ್ಲಿದೆ' ಎಂಬ ಅದೇ ಸಾಲು. ಉಪವಾಸದ ಎರಡನೆಯ ಭಾನುವಾರ, ಚರ್ಚಿನಿಂದ ಬಂದು ಉಂಡಾದ ಮೇಲೆ, ಮಿರೇತ್ ತನ್ನ ಪರ್ಸಿನಿಂದ ಆರೋಗ್ಯ ಕಾರ್ಡು ತೆಗೆದು ಮೇಜಿನ ಮೇಲಿಟ್ಟಳು.

"ಇದನ್ನ ತಗೊಂಡು ಹೋಗಿ," ಎಂದಳು.

ಯುಸ್ತೀನಾಗೆ ಅರ್ಥವಾಗಲಿಲ್ಲ.

"ನಿನಗೂ ನನಗೂ ವಯಸ್ಸಲ್ಲಿ ಒಂದು ವರ್ಷ ಅಂತರ. ಕೂದಲೂ ಒಂದೇ ಥರ. ಈ ಫೋಟೋ ನೋಡಿದ್ರೆ ನಾನೇ ನನ್ನ ಗುರುತು ಹಿಡಿಯಲ್ಲ. ಹೆರಿಗೆ ದಿನ ನೀನು ಮಿರೇತ್. ಮನೆಗೆ ಬಂದ್ಮೇಲೆ ಯುಸ್ತೀನಾ."

"ಗೊತ್ತಾದ್ರೆ?"

"ಯಾರು ನೋಡ್ತಾರೆ? ನಮ್ಮ ಅಂಗಡಿಗೆ ಅಣ್ಣನ ಕಾರ್ಡು ಹಿಡಿದು ತಮ್ಮ ಬರ್ತಾನೆ. ನಾನೇ ನೋಡಿಯೂ ನೋಡದ ಹಾಗೆ ಇದ್ದೀನಿ."

"ಗೊತ್ತಾದ್ರೆ ಅರ್ಜಿ ಹೋಗುತ್ತೆ ಮಿರೇತ್. ನನ್ನನ್ನ ಕಳಿಸಿಬಿಡ್ತಾರೆ."

"ಕಾರ್ಡಿಲ್ದೆ ಹೋದ್ರೆ ಈ ಮನೆ ಹೋಗುತ್ತೆ," ಎಂದ ಫಾದಿ. ಅವನು ಕಾರ್ಡಿನಿಂದ ಕಣ್ಣು ತೆಗೆದಿರಲಿಲ್ಲ. "ಕೊಯ್ದು ತೆಗೀಬೇಕು ಅಂದ್ರೆ? ಮಗು ನಾಲ್ಕು ದಿನ ಗಾಜಿನ ಪೆಟ್ಟಿಗೇಲಿ ಇರಬೇಕು, ನೀನು ಪಕ್ಕದಲ್ಲಿರಬೇಕು ಅಂದ್ರೆ? ನಾನು ಎಷ್ಟು ಯಂತ್ರ ರಿಪೇರಿ ಮಾಡ್ಲಿ?"

ಮೂವರೂ ಲಬೀಬರ ಕಡೆ ತಿರುಗಿದರು. ಸುಳ್ಳು, ಆಣೆ, ಪಾಪ ಎಂದು ಅವರು ಈಗ ಶುರುಮಾಡುತ್ತಾರೆಂದು ಫಾದಿ ಉತ್ತರಗಳನ್ನು ಸಿದ್ಧಮಾಡಿಕೊಂಡೇ ಕುಳಿತಂತಿತ್ತು. ಲಬೀಬರು ಮೇಜಿನ ಮೇಲಿನ ರೊಟ್ಟಿಯ ಚೂರುಗಳನ್ನು ಅಂಗೈಗೆ ಒಟ್ಟುಮಾಡುತ್ತಿದ್ದರು.

"ನನ್ನನ್ನ ಕೇಳಬೇಡಿ," ಎಂದರು. "ಒಂದು ಸಲ ಹೇಳಿದ್ದು ಸಾಕು."

ಫಾದಿ ಕಾರ್ಡನ್ನು ತನ್ನ ಜೇಬಿಗೆ ಹಾಕಿಕೊಂಡ.

ಮರುದಿನ ಬೆಳಿಗ್ಗೆ ಉಳಿದಿಬ್ಬರೂ ಕೆಲಸಕ್ಕೆ ಹೋದ ಮೇಲೆ ಲಬೀಬರು ಬೇಳೆ ಆರಿಸುತ್ತ ಕುಳಿತಿದ್ದರು. ಯುಸ್ತೀನಾ ಊದಿದ ಕಾಲುಗಳನ್ನು ಇನ್ನೊಂದು ಕುರ್ಚಿಯ ಮೇಲಿಟ್ಟುಕೊಂಡು ಎದುರಿಗೆ ಕುಳಿತಳು.

"ಮಾವ, ನಿನ್ನೆ ನೀವು ಬೇಡ ಅಂತೀರಿ ಅಂದ್ಕೊಂಡಿದ್ದೆ."

"ನಾನು ಬೇಡ ಅಂದ್ರೆ ನಿಮಗೆಲ್ಲ ಏನಾಗುತ್ತೆ ನೋಡಿದ್ಯಲ್ಲಮ್ಮ."

"ಮದುವೆ ದಿನ ಮುಂದೂಡೋವಾಗ ನನ್ನ ಯಾರೂ ಕೇಳ್ಲಿಲ್ಲ. ನೀವು ಹೇಳಿದ್ರಿ, ಆಯ್ತು. ಈಗ ಹೇಳಿ ಅಂತ ನಾನು ಕಾಯ್ತಾ ಕೂತ್ರೆ ನಿಮಗೆ ಮಾತೇ ಬರಲ್ಲ."

ಲಬೀಬರು ಒಂದು ಕಲ್ಲನ್ನು ತೆಗೆದು ತಟ್ಟೆಯ ಅಂಚಿಗಿಟ್ಟರು. "ಫಾದಿಗೆ ನೀನೇ ಹೇಳಬಹುದಲ್ಲ."

"ಹೇಳಿದೆ. ನಿನಗೆ ದುಡ್ಡಿನ ಕಷ್ಟ ಗೊತ್ತಿಲ್ಲ ಅಂದ. ನಾನು ಅವನ ಮನೆಗೆ ಬಂದಿರೋಳು, ಅವನ ಅರ್ಜಿಯ ಮೇಲೆ ಇರೋಳು. ಎಷ್ಟು ಸಲ ಹೇಳ್ಲಿ?" ಅವಳ ಧ್ವನಿ ಏರಲಿಲ್ಲ. "ನನಗೆ ಹೆದರಿಕೆ ಆಗುತ್ತೆ ಮಾವ. ಬಿಲ್ಲಿಗೆ ಒಂದು ಪಾಲು. ಆ ಸುಳ್ಳನ್ನ ಹೊಟ್ಟೆ ಮೇಲೆ ಹೊತ್ತುಕೊಂಡು ಹೋಗೋಕೆ ಮೂರು ಪಾಲು."

ಆ ದಿನ ಸಂಜೆಯ ಪ್ರಾರ್ಥನೆಗೆ ಚರ್ಚಿಗೆ ಹೋದ ಲಬೀಬರು, ಉಳಿದವರೆಲ್ಲ ಹೊರಟ ಮೇಲೂ ಅಬೂನಾ ಬಿಸೆಂತಿಗಾಗಿ ಕಾದು ನಿಂತರು. ಎಪ್ಪತ್ತು ದಾಟಿದ ಮನುಷ್ಯ ತನಗಿಂತ ಚಿಕ್ಕವರಾದ ಪಾದ್ರಿಯ ಮುಂದೆ ತಡವರಿಸುತ್ತ ಎಲ್ಲವನ್ನೂ ಹೇಳಿದರು.

"ಏನು ಮಾಡ್ಲಿ ಅಬೂನಾ?"

"ಕಾರ್ಡಿನ ವಿಷಯ ತಪ್ಪು ಅನ್ನೋದು ನಿನಗೆ ಗೊತ್ತಿಲ್ಲದ್ದೇನಲ್ಲ," ಎಂದರು ಅಬೂನಾ. "ಆದರೆ ಬೇಡ ಅನ್ನೋನು ಬರೀ ಬೇಡ ಅಂದು ಮನೇಲಿ ಕೂರಬಾರದು. ಬೇಡ ಅಂದ ಮೇಲೆ ಬರೋ ಭಾರಕ್ಕೂ ಹೆಗಲು ಕೊಡಬೇಕು. ಹೋದ ಸಲ ನೀನು ಹೇಳಿದ್ದೆ, ಹೊತ್ತೋರು ಅವರು."

*

ಮಾರ್ಚ್ ಮೊದಲ ವಾರ, ದಿನ ತುಂಬಲು ಇನ್ನೂ ಮೂರು ವಾರವಿರುವಾಗ, ಮಧ್ಯಾಹ್ನ ಯುಸ್ತೀನಾ ತಲೆ ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಗೋಡೆಯ ಮೇಲೆಲ್ಲ ಕಿಡಿ ಹಾರುತ್ತಿವೆ ಎಂದಳು. ಲಬೀಬರು ಒಲೆ ಆರಿಸಿ ಫಾದಿಗೆ ಫೋನು ಮಾಡಿದರು. ಅವನು ಹತ್ತಿರದಲ್ಲೇ ಕೆಲಸದಲ್ಲಿದ್ದ; ಕಂಪನಿಯ ವ್ಯಾನಿನಲ್ಲೇ ಬಂದ. ಯುಸ್ತೀನಾಳನ್ನು ಮುಂದೆ ಕೂರಿಸಿ, ಲಬೀಬರು ಹಿಂದೆ ತಗಡಿನ ಕೊಳವೆಗಳ ನಡುವೆ ಕುಳಿತು ಹೊರಟರು.

"ಹೆಸರು ಮಿರೇತ್. ನೆನಪಿರ್ಲಿ," ಎಂದ ಫಾದಿ ದಾರಿಯಲ್ಲಿ. "ಹುಟ್ಟಿದ ತಾರೀಕು ಅವಳದು ಹೇಳು."

ಯುಸ್ತೀನಾ ಕಣ್ಣು ಮುಚ್ಚಿದ್ದಳು.

ಆಸ್ಪತ್ರೆಯ ಬಾಗಿಲಲ್ಲಿ ಗಾಲಿಕುರ್ಚಿ ಸಿಕ್ಕಿತು. ಒಳಗಿನ ಮೇಜಿನ ಹಿಂದೆ ಕುಳಿತ ಹೆಂಗಸು ಯುಸ್ತೀನಾಳ ಮುಖ ನೋಡಿದವಳೇ ಒಬ್ಬ ದಾದಿಯನ್ನು ಕರೆದಳು. ದಾದಿ ರಕ್ತದೊತ್ತಡದ ಪಟ್ಟಿ ಸುತ್ತತೊಡಗಿದಳು. ಹೆಂಗಸು ಕೈ ಚಾಚಿ ಕಾರ್ಡು ಕೇಳಿದಳು. ಫಾದಿ ಜೇಬಿನಿಂದ ತೆಗೆದು ಕೊಟ್ಟ. ಅವಳು ಓದಿದಳು.

"ಮಿರೇತ್? ನೀವು ಮಿರೇತ್ ಏನಮ್ಮ?"

ಯುಸ್ತೀನಾ ಕಣ್ಣು ತೆರೆದಳು. ಗಂಡನ ಕಡೆ ನೋಡಲಿಲ್ಲ. ಮಾವನ ಕಡೆ ನೋಡಿದಳು.

"ಅಲ್ಲ," ಎಂದರು ಲಬೀಬರು.

"ಬಾಬಾ," ಎಂದ ಫಾದಿ, ಹಲ್ಲು ಕಚ್ಚಿ.

"ಅದು ನನ್ನ ಮಗಳ ಕಾರ್ಡು. ತಪ್ಪಿ ಕೊಟ್ಟಿದ್ದಲ್ಲ, ಹೆದರಿ ಕೊಟ್ಟಿದ್ದು. ಇವಳು ನನ್ನ ಸೊಸೆ. ಇವಳಿಗೆ ಕಾರ್ಡಿಲ್ಲ." ಅವರ ಇಂಗ್ಲಿಷು ಮುರುಕಲಾಗಿತ್ತು, ಆದರೂ ನಿಲ್ಲಿಸದೆ ಹೇಳಿದರು. "ಬಿಲ್ಲನ್ನ ನನ್ನ ಹೆಸರಿಗೆ ಬರೀರಿ. ನನ್ನ ವಿಳಾಸ ಹೇಳ್ತೀನಿ, ಬರ್ಕೊಳ್ಳಿ."

ಹೆಂಗಸು ಒಂದು ಕ್ಷಣ ಮೂವರನ್ನೂ ನೋಡಿದಳು. ಕಾರ್ಡನ್ನು ಮೇಜಿನ ಮೇಲೆ ಫಾದಿಯ ಕಡೆಗೆ ಸರಿಸಿ, ಮತ್ತೆ ಗಾಲಿಕುರ್ಚಿಯ ಕಡೆ ತಿರುಗಿದಳು.

"ನಿಮ್ಮ ಹೆಸರೇನಮ್ಮ?"

"ಯುಸ್ತೀನಾ," ಎಂದಳು ಅವಳು. ತಂದೆಯ ಹೆಸರು, ತಾತನ ಹೆಸರು, ಹುಟ್ಟಿದ ತಾರೀಕು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ದಾದಿ ಕುರ್ಚಿಯನ್ನು ತಳ್ಳಿಕೊಂಡು ಓಡುನಡಿಗೆಯಲ್ಲಿ ಒಳಗೆ ಹೋದಳು.

ಕೊಯ್ದು ತೆಗೆಯಬೇಕಾಯಿತು. ಹೊರಗಿನ ಬೆಂಚಿನ ಮೇಲೆ ತಂದೆ ಮಗ ಒಂದೊಂದು ತುದಿಯಲ್ಲಿ ಕುಳಿತರು.

"ಎರಡನೇ ಸಲ," ಎಂದ ಫಾದಿ. "ಎರಡನೇ ಸಲ ನೀವು ಹೀಗೆ ಮಾಡಿದ್ದು."

"ಹೌದು."

"ಪಿಂಚಣಿಯಲ್ಲಿ ಕಟ್ತೀರಾ ಅದನ್ನೆಲ್ಲ?"

"ಪಿಂಚಣಿಯಲ್ಲಿ ಆಗಲ್ಲ. ಅರಬ್ಬರ ಬೇಕರಿಯಲ್ಲಿ ಬೆಳಿಗ್ಗೆ ಹೊತ್ತು ಒಲೆ ನೋಡೋಕೆ ಜನ ಬೇಕಂತೆ. ಹೋದ ವಾರ ಮಾತಾಡಿ ಬಂದಿದೀನಿ. ಸೋಮವಾರದಿಂದ ಬಾ ಅಂದಿದಾರೆ."

ಫಾದಿ ಮುಖ ತಿರುಗಿಸಿ ನೋಡಿದ. "ಹೋದ ವಾರಾನೇ?"

"ಬೇಡ ಅನ್ನೋಕೆ ಮುಂಚೆ ಮಾಡಬೇಕಾದ ಕೆಲಸ ಅದು. ಹೋದ ವರ್ಷ ನನಗೆ ತಿಳೀಲಿಲ್ಲ."

ಮಿರೇತ್ ಕೆಲಸದಿಂದ ನೇರವಾಗಿ ಬಂದಳು. ನಡೆದದ್ದನ್ನು ಕೇಳಿ ತಂದೆಯ ಮೇಲೆ ಸಿಟ್ಟಾದಳು, ಅತ್ತಳು, ಆಮೇಲೆ ಯಾರೂ ಕೇಳದಿದ್ದರೂ ಎಲ್ಲರಿಗೂ ಕಾಫಿ ತಂದಳು. ಹಾಲು ಹಾಕಿಸಿದ್ದಳು. ಲಬೀಬರು ಮುಟ್ಟದೆ ಬಿಟ್ಟಿದ್ದನ್ನು ಫಾದಿ ಎತ್ತಿಕೊಂಡು ಕುಡಿದ.

ಕತ್ತಲಾಗುವ ಮೊದಲು ಅವರನ್ನು ಒಳಗೆ ಬಿಟ್ಟರು. ಹೆಣ್ಣು ಮಗು. ಸಣ್ಣದಾದರೂ ಕೂಗಿಗೆ ಕೊರತೆಯಿರಲಿಲ್ಲ. ಯುಸ್ತೀನಾ ಬಿಳಿಚಿಕೊಂಡಿದ್ದಳು. ಒತ್ತಡ ಇನ್ನೂ ಇಳಿಯಬೇಕು, ಎರಡು ಮೂರು ದಿನ ಇಲ್ಲೇ ಇರಬೇಕು ಎಂದು ದಾದಿ ಹೇಳಿದಳು. ಎರಡು ಮೂರು ದಿನ ಎಂದಾಗ ಫಾದಿ ಬೆರಳು ಮಡಿಸಿ ಲೆಕ್ಕ ಹಾಕಿದ. ಅವನು ಹಾಸಿಗೆಯ ಕಾಲಬಳಿಯೇ ನಿಂತ.

"ಹತ್ರ ಬಾ," ಎಂದಳು ಯುಸ್ತೀನಾ.

ಬಂದ.

"ಕಾಲಿಗೆ ಕಟ್ಟಿದಾರಲ್ಲ ಪಟ್ಟಿ, ಅದನ್ನ ಓದು. ನನಗೆ ಇನ್ನೂ ಅಕ್ಷರ ನೆಟ್ಟಗೆ ಕಾಣ್ತಿಲ್ಲ."

ಮಗುವಿನ ಕಣಕಾಲಿನಲ್ಲಿ ಪ್ಲಾಸ್ಟಿಕ್ಕಿನ ತೆಳ್ಳನೆಯ ಪಟ್ಟಿಯಿತ್ತು. ಫಾದಿ ಬಗ್ಗಿ, ಬೆರಳಿನಿಂದ ತಿರುಗಿಸಿಕೊಂಡು ಓದಿದ. "ಹೆಣ್ಣು ಮಗು. ತಾಯಿ, ಯುಸ್ತೀನಾ." ಅಲ್ಲಿಗೇ ನಿಂತ. ಹೆಸರಿನ್ನೂ ಇಡದ ಮಗುವಿಗೆ ಆಸ್ಪತ್ರೆಯವರು ತಾಯಿಯ ಹೆಸರನ್ನೇ ಬರೆಯುತ್ತಾರೆ. ಮಿರೇತಳ ಕಾರ್ಡು ನಡೆದಿದ್ದರೆ ಅದರಲ್ಲಿದ್ದ ಹೆಸರನ್ನೇ ಬರೆಯುತ್ತಿದ್ದರು. ಇಷ್ಟು ದಿನ ಆ ಮೇಜಿನ ಸುತ್ತ ಕುಳಿತು ಮಾತಾಡಿದ ನಾಲ್ವರಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ.

ಮಿರೇತ್ ಬಾಯಿಗೆ ಕೈ ಅಡ್ಡ ಹಿಡಿದಳು. "ದೇವರೇ. ನನ್ನ ಮಗಳಾಗಿಬಿಡ್ತಿದ್ಲು," ಎಂದಳು.

ಫಾದಿ ಮತ್ತೊಂದು ಸಲ, ಈ ಸಲ ಅವಳ ತಂದೆ ತಾತನ ಹೆಸರನ್ನೂ ಸೇರಿಸಿ, ಹೆಂಡತಿಗೆ ಕೇಳುವಂತೆ ಓದಿದ. ಮಗುವಿನ ಕಾಲನ್ನು ಬಟ್ಟೆಯೊಳಗೆ ಸೇರಿಸಿ ಮುಚ್ಚಿದ. ಜೇಬಿನಿಂದ ಕಾರ್ಡು ತೆಗೆದು ತಂಗಿಯ ಕೈಗೆ ಕೊಟ್ಟ.

ಲಬೀಬರು ಬಾಗಿಲ ಬಳಿ, ಟೋಪಿ ಕೈಯಲ್ಲಿ ಹಿಡಿದು, ಕರೆಯದೆ ಒಳಗೆ ಬರಬಾರದೆಂಬಂತೆ ನಿಂತಿದ್ದರು. ಫಾದಿ ಅವರನ್ನು ದಾಟಿ ಹೊರಗೆ ಹೋಗಿ, ನಾಲ್ಕು ಹೆಜ್ಜೆ ನಡೆದು, ತಿರುಗಿ ನೋಡಿದ.

"ಬನ್ನಿ ಬಾಬಾ. ಬಿಲ್ಲಿನ ಕೋಣೆ ಕೆಳಗಿದೆಯಂತೆ. ಎಷ್ಟು ತಿಂಗಳಿಗೆ ಹಂಚಿ ಕಟ್ಟಬಹುದು ಅಂತ ವಿಚಾರಿಸಬೇಕು."

"ನಾನು ಬರ್ಲಾ?"

"ನೀವೇ ಬರಬೇಕು," ಎಂದ ಫಾದಿ. "ಈ ಸಲ ನೀವೇ ಕೇಳಿ."